ಬೂಷ್ಟಿಗೆ ಹೂವು ಅಂತ ಹೆಸರಿಟ್ಟವರು

ಉಪ್ಪಿನಕಾಯಿ ಭರಣಿಯಲ್ಲಿ ಬಿಳಿ ಪದರ ಕಂಡರೆ ನಮ್ಮ ಮನೆಗಳಲ್ಲಿ ಕಥೆ ಮುಗಿದ ಹಾಗೆ. ಬೂಷ್ಟು ಹಿಡಿದಿದೆ ಅಂತ ಎಲ್ಲವನ್ನೂ ತಿಪ್ಪೆಗೆ ಸುರಿಯುತ್ತೇವೆ. ದಕ್ಷಿಣ ಸ್ಪೇನ್‌ನ ಹೆರೆಸ್ ಊರಿನಲ್ಲಿ ಪೀಪಾಯಿಯೊಳಗಿನ ವೈನ್ ಮೇಲೂ ಹೆಚ್ಚುಕಡಿಮೆ ಇಂಥದ್ದೇ ಪದರ ಕಟ್ಟುತ್ತದೆ. ಅಲ್ಲಿಯವರು ಅದಕ್ಕಿಟ್ಟ ಹೆಸರು ‘ಫ್ಲೋರ್’. ಅಂದರೆ ಹೂವು!

ಈ ಹೂವಿನ ಕೆಳಗೆ ಹದವಾಗುವ ವೈನೇ ಫಿನೋ. ಹೆರೆಸ್ ಸುತ್ತಮುತ್ತ ತಯಾರಾಗುವ ಶೆರಿ ಅನ್ನುವ ವೈನ್‌ಗಳಲ್ಲಿ ಇದೊಂದು ಬಗೆ. ಸ್ಪೇನ್‌ನ ಅಂಗಡಿಗಳಲ್ಲಿ 10 ಯೂರೋ ಒಳಗೇ ಒಳ್ಳೆಯ ಬಾಟಲಿ ಸಿಗುತ್ತದೆ. ಆ ಬೆಲೆಗೆ ಸ್ಪೇನ್‌ನದೇ ರಿಯೋಹಾ ಪ್ರದೇಶದ ಕೆಂಪು ವೈನೂ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಕೊಟ್ಟ ದುಡ್ಡಿಗೆ ಇಷ್ಟು ಬೆರಗು ಕೊಡುವ ವೈನ್ ಇನ್ನೊಂದಿಲ್ಲ ಅನ್ನುವುದು ನನ್ನ ಲೆಕ್ಕ. ಶೆರಿ ಅಂದರೆ ಸಿಹಿ ಪಾನೀಯ ಅಂದುಕೊಂಡು ಜನ ಇದನ್ನು ದಾಟಿ ಹೋಗುತ್ತಾರೆ. ಬೆಲೆ ಏರದೆ ಉಳಿಯಲು ಅದೂ ಒಂದು ಕಾರಣ ಇರಬೇಕು.

ಫಿನೋಗೆ ಬಳಸುವುದು ಪಾಲೊಮಿನೊ ಅನ್ನುವ ಬಿಳಿ ದ್ರಾಕ್ಷಿ. ಬರೀ ಅದರ ವೈನ್ ಸಪ್ಪೆ. ಅದಕ್ಕೆ ದ್ರಾಕ್ಷಿಯದೇ ಸ್ಪಿರಿಟ್ ಬೆರೆಸಿ ಆಲ್ಕೋಹಾಲನ್ನು ಶೇ. 15ಕ್ಕೆ ತರುತ್ತಾರೆ. ಅಷ್ಟಿದ್ದರೆ ವೈನನ್ನು ಹುಳಿಸಿ ವಿನಿಗರ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಕಷ್ಟ, ಫ್ಲೋರ್ ಪದರ ಕಟ್ಟುವ ಯೀಸ್ಟ್‌ಗೆ ಹಿತ. ಶೇ. 17ಕ್ಕೆ ಏರಿಸಿದರೆ ಯೀಸ್ಟೂ ಸಾಯುತ್ತದೆ. 600 ಲೀಟರ್ ಪೀಪಾಯಿಗೆ ಸುಮಾರು 500 ಲೀಟರ್ ಮಾತ್ರ ತುಂಬುತ್ತಾರೆ. ಯೀಸ್ಟ್‌ಗೆ ಉಸಿರಾಡಲು ಗಾಳಿ ಬೇಕಲ್ವಾ?

ಸಕ್ಕರೆ ಆಗಲೇ ಖಾಲಿಯಾಗಿರುತ್ತದೆ. ಹಾಗಾಗಿ ಯೀಸ್ಟ್ ಆಲ್ಕೋಹಾಲಿಗೇ ಬಾಯಿ ಹಾಕುತ್ತದೆ. ಅದರಿಂದ ಹುಟ್ಟುವುದು ಅಸಿಟಾಲ್ಡಿಹೈಡ್. ಹೆಚ್ಚಿಟ್ಟು ಮರೆತ ಸೇಬಿನ ವಾಸನೆ ಅದರದ್ದು. ಗ್ಲಾಸಿಗೆ ಮೂಗು ತಂದ ಕೂಡಲೇ ಗೊತ್ತಾಗುತ್ತದೆ. ಯೀಸ್ಟ್ ಗ್ಲಿಸರಾಲನ್ನೂ ಬಿಡುವುದಿಲ್ಲ. ಬೇರೆ ವೈನ್‌ಗಳಿಗೆ ಒಂದಿಷ್ಟು ನುಣುಪು, ಒಂದಿಷ್ಟು ಸಿಹಿಯ ಭಾಸ ಕೊಡುವ ವಸ್ತು ಅದು. ಅದೇ ಇಲ್ಲದ ಫಿನೋ ನಾಲಿಗೆ ಮೇಲೆ ತೆಳ್ಳಗೆ, ಚುರುಕಾಗಿ ಹರಿದು ಬಾಯನ್ನು ಒಣಗಿಸಿಬಿಡುತ್ತದೆ. ಬಣ್ಣ ಮಾತ್ರ ಒಣ ಹುಲ್ಲಿನಂತೆ ತಿಳಿ ಹಳದಿ. ಗಾಳಿ ವೈನನ್ನು ಮುಟ್ಟದಂತೆ ಹೂವು ಮೇಲೆ ಹೊದಿಕೆಯಾಗಿ ಕೂತಿರುತ್ತದಲ್ಲ, ಅದಕ್ಕೆ. ಹೂವು ಸತ್ತರೆ ವೈನ್ ಕಂದಾಗುತ್ತಾ ಹೋಗುತ್ತದೆ. ಆಗ ಅದರ ಹೆಸರು ಅಮೊಂಟಿಯಾಡೊ.

ಇಷ್ಟಕ್ಕೆ ಕನಿಷ್ಠ 2 ವರ್ಷ ಬೇಕು. ಪೀಪಾಯಿಗಳನ್ನು ಸಾಲುಸಾಲಾಗಿ ಪೇರಿಸಿರುತ್ತಾರೆ. ಅತಿ ಹಳೆಯ ಸಾಲಿನಿಂದ ಸ್ವಲ್ಪ ತೆಗೆದು ಬಾಟಲಿಗೆ ತುಂಬುತ್ತಾರೆ. ತೆಗೆದಷ್ಟನ್ನು ಅದರ ಹಿಂದಿನ, ಇನ್ನೂ ಎಳೆಯ ಸಾಲಿನಿಂದ ಸೇರಿಸುತ್ತಾರೆ. ಯಾವ ಪೀಪಾಯಿಯೂ ಪೂರ್ತಿ ಖಾಲಿಯಾಗುವುದಿಲ್ಲ. ನಿನ್ನೆಯ ಮೊಸರನ್ನು ಇವತ್ತಿನ ಹಾಲಿಗೆ ಹೆಪ್ಪು ಹಾಕುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಕುಡಿದು ನೋಡುವುದಾದರೆ ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗಾಗಿರಲಿ, ಗ್ಲಾಸ್ ಚಿಕ್ಕದಿರಲಿ. ಮೊದಲ ಗುಟುಕಿಗೆ ಮುಖ ಕಿವುಚಿದರೂ ಪರವಾಗಿಲ್ಲ. ಉಪ್ಪು ಹಾಕಿ ಹುರಿದ ನಾಲ್ಕು ಬಾದಾಮಿ ಅಗಿದು, ಇನ್ನೊಂದು ಗುಟುಕು ಕುಡಿಯಿರಿ. ಚುರುಕು ಅಷ್ಟೇ ಇರುತ್ತದೆ, ಆದರೆ ಈಗ ಅದು ಬಾಯಲ್ಲಿನ ಉಪ್ಪನ್ನೂ ಜಿಡ್ಡನ್ನೂ ತೊಳೆಯುತ್ತಿರುತ್ತದೆ. ಹೆರೆಸ್ ಸುತ್ತಮುತ್ತ ಹಿಟ್ಟಿನಲ್ಲಿ ಹೊರಳಿಸಿ ಕರಿದ ಸಣ್ಣ ಮೀನಿನ ಜೊತೆ ಇದನ್ನು ಕುಡಿಯುವುದು ಸುಮ್ನೆ ಅಲ್ಲ.

ಬಾಟಲಿಯೊಳಗೆ ಕಾವಲಿಗೆ ಹೂವಿಲ್ಲ ಅನ್ನುವುದು ನೆನಪಿರಲಿ. ಮುಚ್ಚಳ ತೆಗೆದ ಮೇಲೆ ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಬೇಕು. ಮನೆಯಲ್ಲಿ ಕುಡಿಯುವವರು ಒಬ್ಬರೇ ಆದರೆ 375 ಮಿ.ಲೀ. ಅರ್ಧ ಬಾಟಲಿಯೇ ಸರಿ.