ನಾಲೆಯ ಆಟ, ಹೊಂಡದ ಆಟ

ಭದ್ರಾ ನಾಲೆಗೆ ನೀರು ಬಿಟ್ಟಾಗಲೆಲ್ಲ ದಾವಣಗೆರೆ ಸೀಮೆಯಲ್ಲಿ ಕೇಳಿಬರುವ ದೂರು ಒಂದೇ: ಕೊನೆಭಾಗಕ್ಕೆ ನೀರು ಮುಟ್ಟಲಿಲ್ಲ. ಮೇಲಿನ ತೂಬಿನವರು ಹರಿಸಿಕೊಂಡು ಉಳಿದದ್ದು ಕೆಳಗಿನವರ ಪಾಲು. ‘ಫ್ಯಾಕ್ಟೋರಿಯೋ’ ಎಂಬ ಕಂಪ್ಯೂಟರ್ ಆಟದಲ್ಲಿ ಅದಿರು ಕರಗಿಸುವ ಕುಲುಮೆಗಳ ಸಾಲು ಹಾಕಿದವರೂ ಇದನ್ನೇ ಪರದೆಯ ಮೇಲೆ ಕಂಡಿರುತ್ತಾರೆ. ಸಾಲಿನ ತಲೆಯಲ್ಲಿ ಬೆಂಕಿ ಉರಿಯುತ್ತದೆ, ಬಾಲದಲ್ಲಿ ಕುಲುಮೆ ತಣ್ಣಗಿರುತ್ತದೆ.

ಪ್ರಾಗ್‌ನ ವೂಬ್ ಸಾಫ್ಟ್‌ವೇರ್ 2020ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಈ ಕಾರ್ಖಾನೆ ಆಟದಲ್ಲಿ ಲೆಕ್ಕ ಸುಳ್ಳಾಡುವುದಿಲ್ಲ. ಹಳದಿ ಬೆಲ್ಟ್ ಸೆಕೆಂಡಿಗೆ 15 ವಸ್ತು ಸಾಗಿಸುತ್ತದೆ. ಕಲ್ಲಿನ ಕುಲುಮೆಗೆ ಒಂದು ಕಬ್ಬಿಣದ ತಗಡು ಮಾಡಲು 3.2 ಸೆಕೆಂಡ್ ಬೇಕು. ಎರಡನ್ನೂ ಗುಣಿಸಿದರೆ ಒಂದು ತುಂಬಿದ ಬೆಲ್ಟಿಗೆ 48 ಕುಲುಮೆ. ವಿದ್ಯುತ್ ಡ್ರಿಲ್ ಎರಡು ಸೆಕೆಂಡಿಗೊಂದು ಅದಿರು ಕೊಡುವುದರಿಂದ ಅವುಗಳಿಗೆ 30 ಡ್ರಿಲ್. ಹೊಸಬರು ಎಡವುವುದು ಇಲ್ಲೇ: 20 ಡ್ರಿಲ್ ಇಟ್ಟು, ತಗಡು ಸಾಲದೆಂದು ಕುಲುಮೆ ಸೇರಿಸುತ್ತಾರೆ. 20 ಡ್ರಿಲ್ಲಿನ ಅದಿರು 32 ಕುಲುಮೆಗಷ್ಟೇ ಸಾಕು, ಮಿಕ್ಕವು ಬರೀ ಅಲಂಕಾರ. ಒಂದೇ ಬೆಲ್ಟಿನ ಒಂದು ಮಗ್ಗುಲಿಗೆ ಅದಿರು, ಇನ್ನೊಂದಕ್ಕೆ ಕುಲುಮೆ ಉರಿಸುವ ಕಲ್ಲಿದ್ದಲು ಹಾಕಿದರಂತೂ ಅದಿರಿನ ಹರಿವು 7.5ಕ್ಕೆ ಇಳಿದು 24 ಕುಲುಮೆಗೆ ಆಟ ಮುಗಿಯಿತು. ಆ 24ಕ್ಕೆ ಬೇಕಾದ ಕಲ್ಲಿದ್ದಲು ಸೆಕೆಂಡಿಗೆ 0.54 ಮಾತ್ರ, ಇಡೀ ಅರ್ಧ ಬೆಲ್ಟು ಅದಕ್ಕಾಗಿ ತುಂಬಿ ನಿಂತಿರುತ್ತದೆ.

ಇಲ್ಲಿ ನಿಜವಾಗಿ ಹೆದರಬೇಕಾದ ತಪ್ಪು ಒಂದೇ. ಕರೆಂಟಿಗೆ ಬೇಕಾದ ಹಬೆ ಮಾಡುವ ಬಾಯ್ಲರಿಗೆ ಕಲ್ಲಿದ್ದಲು ಎತ್ತಿಹಾಕುವ ಇನ್ಸರ್ಟರ್ (ಯಂತ್ರದ ಕೈ) ವಿದ್ಯುತ್ತಿನದಾಗಿದ್ದರೆ, ಕರೆಂಟ್ ಕಡಿಮೆಯಾದಾಗ ಅದೂ ನಿಧಾನವಾಗುತ್ತದೆ. ಕಲ್ಲಿದ್ದಲು ಕಡಿಮೆ ಬೀಳುತ್ತದೆ, ಕರೆಂಟ್ ಇನ್ನೂ ಕುಸಿಯುತ್ತದೆ, ಕೊನೆಗೆ ಎಲ್ಲ ಕತ್ತಲು. ಬಾಯ್ಲರ್ ಮುಂದೆ ಮಾತ್ರ ಕಲ್ಲಿದ್ದಲು ತಿಂದೇ ಓಡುವ ಬರ್ನರ್ ಇನ್ಸರ್ಟರ್ ಹಾಕಿದರೆ ಈ ಸುಳಿ ತಪ್ಪುತ್ತದೆ.

ಇದು ನಾಲೆಯ ಲೆಕ್ಕ, ಸೆಕೆಂಡಿಗೆ ಎಷ್ಟು ಹರಿಯಿತು ಎಂಬುದು. ಒಂದು ಗುಂಪಿನ ಜನರನ್ನು ಬದುಕಿಸಿ ನಡೆಸುವ ವಸಾಹತು ಆಟಗಳದ್ದು ಚಿತ್ರದುರ್ಗದ ಕೋಟೆಯ ಲೆಕ್ಕ: ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೊಂಡಗಳಲ್ಲಿ ಕೂಡಿಟ್ಟು, ಎಷ್ಟು ದಿನಕ್ಕೆ ಬಂದೀತು ಎಂದು ನೋಡಬೇಕು. ಜೊತೆಗೆ, ಇಲ್ಲಿ ತಪ್ಪು ಆದ ಜಾಗದಲ್ಲಿ ಕಾಣಿಸುವುದಿಲ್ಲ.

ವ್ಯಾಂಕೂವರಿನ ಕ್ಲೇ ಸಂಸ್ಥೆಯ ‘ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್’ (2019) ನೋಡಿ. ಅದರ ಎಲೆಕ್ಟ್ರೊಲೈಸರ್ ಸೆಕೆಂಡಿಗೆ 1,000 ಗ್ರಾಂ ನೀರನ್ನು ಒಡೆದು 888 ಗ್ರಾಂ ಆಮ್ಲಜನಕ, 112 ಗ್ರಾಂ ಜಲಜನಕ ಕೊಡುತ್ತದೆ. ಪಿಯುಸಿ ರಸಾಯನಶಾಸ್ತ್ರ ಓದಿದವರು ತಾಳೆ ಹಾಕಬಹುದು. ನಿಜವಾದ ನೀರಿನ ಪ್ರಮಾಣವೂ ಇದೇ. ಆದರೆ ಶಕ್ತಿಯ ವಿಷಯದಲ್ಲಿ ಆಟ ಭಾರೀ ಉದಾರಿ. ಆಟದಲ್ಲಿ 120 ವ್ಯಾಟ್ ಸಾಕು; ವಾಸ್ತವದಲ್ಲಿ ಆ ವೇಗಕ್ಕೆ ಸುಮಾರು 16 ಮೆಗಾವ್ಯಾಟ್ ಬೇಕು.

ವಸಾಹತಿನ ಒಬ್ಬನ ಉಸಿರಿಗೆ ಸೆಕೆಂಡಿಗೆ 100 ಗ್ರಾಂ ಆಮ್ಲಜನಕ, ಅಂದರೆ ಒಂದು ಯಂತ್ರಕ್ಕೆ ಎಂಟು ಜನ. ಎಂಟು ಜನರ ಊಟಕ್ಕೆ, ತಲೆಗೆ ಐದರಂತೆ, 40 ಮೀಲ್‌ವುಡ್ ಗಿಡ. ಎಲ್ಲ ಸರಿಯಿದೆ ಅನಿಸುತ್ತದೆ. ಆದರೆ ಆಮ್ಲಜನಕ ಹೊರಬರುವುದು 70 ಡಿಗ್ರಿಯಲ್ಲಿ. ಯಾರಿಗೂ ಉಸಿರು ಕಟ್ಟುವುದಿಲ್ಲ. ಕೋಣೆ ಮಾತ್ರ ದಿನದಿಂದ ದಿನಕ್ಕೆ ಬಿಸಿಯಾಗುತ್ತದೆ. ಗಿಡದ ಉಷ್ಣತೆ 30 ಡಿಗ್ರಿ ದಾಟಿದೊಡನೆ ಬೆಳವಣಿಗೆ ನಿಲ್ಲುತ್ತದೆ. ಆಡುವವರು ಗೊಬ್ಬರವೋ ಮಣ್ಣೋ ಸಾಲದೆಂದು ಹೊಲದಲ್ಲಿ ಹುಡುಕುತ್ತಿರುತ್ತಾರೆ. ರೋಗ ಇರುವುದು ಗಾಳಿಯ ಪೈಪಿನಲ್ಲಿ. ಆ ಪೈಪನ್ನು ಮೊದಲು ತಂಪು ಪ್ರದೇಶದೊಳಗೆ ಹಾಯಿಸಿ, ಅಲ್ಲಿಂದ ಮುಂದೆ ಶಾಖನಿರೋಧಕ ಪೈಪಿನಲ್ಲಿ ವಸತಿಗೆ ತರಬೇಕು.

‘ರಿಮ್‌ವರ್ಲ್ಡ್’ ಎಂಬ ಇನ್ನೊಂದು ವಸಾಹತು ಆಟದಲ್ಲಿ ಕೂಡಿಡುವ ಲೆಕ್ಕ ಇನ್ನೂ ನೇರ. ಹತ್ತು ಅಕ್ಕಿಗೆ ಒಂದು ಸಾದಾ ಊಟ, ತಲೆಗೆ ದಿನಕ್ಕೆ ಎರಡು ಊಟ. ಮೂವರಿಗೆ ದಿನಕ್ಕೆ 60. ಹದಿನೈದು ದಿನದ ಚಳಿಗಾಲಕ್ಕೆ 900 ಅಕ್ಕಿ, 75ರಂತೆ 12 ರಾಶಿ. ಹಸಿ ಅಕ್ಕಿ 40 ದಿನ ತಡೆಯುತ್ತದೆ, ಬೇಯಿಸಿದ ಊಟ ನಾಲ್ಕೇ ದಿನ. ಹಾಗಾಗಿ ಶೀತಕೋಣೆ ಇಲ್ಲದಿದ್ದರೆ ಅಕ್ಕಿಯನ್ನು ಅಕ್ಕಿಯಾಗಿಯೇ ಇಟ್ಟು, ಒಲೆಯ ಕೆಲಸಪಟ್ಟಿಯಲ್ಲಿ ‘ಆರು ಊಟ ಆಗುವವರೆಗೆ ಮಾಡು’ ಎಂದು ಬರೆಯಿರಿ. ಪಕ್ಕದಲ್ಲೊಂದು ಮೇಜು, ಕುರ್ಚಿಯೂ ಇರಲಿ. ಮೇಜಿಲ್ಲದೆ ಉಂಡರೆ ವಸಾಹತಿನವರ ಮನಸ್ಸು ಮೂರು ಅಂಕ ಕುಗ್ಗುತ್ತದೆ.