ಹಳೆಯ ಕಾರಿನ ರೇಡಿಯೊ, ಗಡಿಯಾರ: ಕರೆಂಟ್ ಕೊಡುವ ಮೊದಲು

ಹಳೆಯ ಕಾರಿನ ಡ್ಯಾಶ್‌ಬೋರ್ಡ್‌ನಿಂದ ಬಿಚ್ಚಿದ ರೇಡಿಯೊವನ್ನೋ ಗಡಿಯಾರವನ್ನೋ ರಿಪೇರಿಗೆ ತರುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ‘ಬ್ಯಾಟರಿಗೆ ಕೊಟ್ಟು ನೋಡಿದೆ, ಕೆಲಸ ಮಾಡಲಿಲ್ಲ.’ ಹಾಗೆ ಕೊಟ್ಟು ನೋಡಿದ್ದರಿಂದಲೇ ಸುಲಭದ ರಿಪೇರಿಯೊಂದು ಕಷ್ಟದ ರಿಪೇರಿಯಾಗಿರುವುದು ಅಪರೂಪವೇನಲ್ಲ. ದಶಕಗಳ ಕಾಲ ಸುಮ್ಮನೆ ಕುಳಿತಿದ್ದ ಉಪಕರಣವನ್ನು ಮೊದಲು ಬಿಚ್ಚಿ ನೋಡಬೇಕು. ವಿದ್ಯುತ್ತಿನ ಸರದಿ ಆಮೇಲಿನದು.

ಗಡಿಯಾರದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕ್ವಾರ್ಟ್ಜ್ ಬರುವ ಮುನ್ನ ಅನೇಕ ಕಾರುಗಳಲ್ಲಿ, ಅದರಲ್ಲೂ ಅಮೆರಿಕದ ಕಾರುಗಳಲ್ಲಿ ಇದ್ದ ಗಡಿಯಾರಕ್ಕೆ ವಿದ್ಯುತ್ ಗಡಿಯಾರವೆಂಬ ಹೆಸರಿದ್ದರೂ ಅದನ್ನು ಓಡಿಸುತ್ತಿದ್ದುದು ಸ್ಪ್ರಿಂಗ್. ಸ್ಪ್ರಿಂಗ್ ಸಡಿಲವಾಗುತ್ತ ಬಂದಂತೆ ಒಂದು ಸಣ್ಣ ತೋಳು ಸರಿದು ಎರಡು ಕಾಂಟ್ಯಾಕ್ಟ್ ಪಾಯಿಂಟ್‌ಗಳು ಕೂಡುತ್ತವೆ. ಆಗ ಕಾಯಿಲ್‌ನಲ್ಲಿ ಕರೆಂಟ್ ಹರಿದು, ತೋಳು ಟಕ್ಕೆಂದು ಹಿಂದಕ್ಕೆ ಚಿಮ್ಮಿ, ಸ್ಪ್ರಿಂಗ್ ಮತ್ತೆ ಬಿಗಿಯಾಗಿ, ಪಾಯಿಂಟ್‌ಗಳು ಬೇರೆಯಾಗುತ್ತವೆ. ಒಂದೆರಡು ನಿಮಿಷಕ್ಕೊಮ್ಮೆ ನಡೆಯುವ ಈ ಕೆಲಸದಲ್ಲಿ ಕಾಯಿಲ್‌ಗೆ ಕರೆಂಟ್ ಸಿಗುವುದು ಕ್ಷಣಮಾತ್ರ, ಮತ್ತು ಅದು ತಾಳಿಕೊಳ್ಳಬಲ್ಲದ್ದೂ ಅಷ್ಟನ್ನೇ. ಕಾರು ತಿಂಗಳುಗಟ್ಟಲೆ ನಿಂತು ಬ್ಯಾಟರಿ ಇಳಿದಾಗ ತೋಳನ್ನು ಚಿಮ್ಮಿಸುವಷ್ಟು ಬಲ ಉಳಿದಿರುವುದಿಲ್ಲ. ಪಾಯಿಂಟ್‌ಗಳು ಕೂಡಿಕೊಂಡೇ ಇರುತ್ತವೆ, ಕಾಯಿಲ್ ಬಿಸಿಯಾಗುತ್ತಲೇ ಹೋಗುತ್ತದೆ. ಬೆಸುಗೆಯ ಫ್ಯೂಸ್ ಇರುವ ಮಾದರಿಯಾದರೆ ಬೆಸುಗೆ ಕರಗಿ ಕಾಯಿಲ್ ಉಳಿಯುತ್ತದೆ, ಇಲ್ಲದಿದ್ದರೆ ಕಾಯಿಲ್ಲೇ ಸುಡುತ್ತದೆ. ಎಣ್ಣೆ ಒಣಗಿ ತೋಳು ಬಿಗಿದಿರುವ ಗಡಿಯಾರಕ್ಕೆ ನೇರವಾಗಿ ಬ್ಯಾಟರಿ ಕೊಟ್ಟರೂ ಆಗುವುದು ಇದೇ.

ಆದ್ದರಿಂದ ಮೊದಲ ಪರೀಕ್ಷೆಗೆ ಬೆರಳು ಸಾಕು. ಹಿಂಬದಿಯ ಮುಚ್ಚಳ ತೆಗೆದು ತೋಳನ್ನು ಮೆಲ್ಲನೆ ತಳ್ಳಿ ಬಿಟ್ಟಾಗ ಗಡಿಯಾರ ಒಂದೆರಡು ನಿಮಿಷ ಟಿಕ್‌ಟಿಕ್ ಎಂದರೆ ಚಕ್ರಗಳು ಚೆನ್ನಾಗಿವೆ ಎಂದೇ ಅರ್ಥ. ಬಳಿಕ ಕಾಯಿಲ್ ಕಡಿದಿಲ್ಲವೆಂದು ಮಲ್ಟಿಮೀಟರ್‌ನಲ್ಲಿ ಖಚಿತಪಡಿಸಿಕೊಂಡು, ಕಪ್ಪಾದ ಪಾಯಿಂಟ್‌ಗಳನ್ನು ಅತಿ ನಯವಾದ ಅರದಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಅದ್ದಿದ ಕಾಗದದ ಚೂರನ್ನು ನಡುವೆ ಎಳೆದು ಒರೆಸಬೇಕು. ಡಬ್ಬಿಯಿಂದ ಸಿಂಪಡಿಸುವ ಎಣ್ಣೆ ಇಲ್ಲಿ ಬೇಡವೇ ಬೇಡ. ಅದು ಕೆಲ ಕಾಲಕ್ಕೆ ಅಂಟಾಗಿ ಮೊದಲಿಗಿಂತ ಬಿಗಿಯಾಗುತ್ತದೆ. ಚಕ್ರಗಳ ಅಚ್ಚಿನ ತುದಿಗಳಿಗೆ ಗಡಿಯಾರದ ಎಣ್ಣೆಯನ್ನು ಸೂಜಿಮೊನೆಯಷ್ಟು ಮುಟ್ಟಿಸಿದರೆ ಸಾಕು, ಬ್ಯಾಲೆನ್ಸ್ ಚಕ್ರದ ಕೂದಲೆಳೆಯ ಸ್ಪ್ರಿಂಗ್‌ಗೆ ಅದೂ ತಾಗಬಾರದು. ಇನ್ನೊಂದು ಎಚ್ಚರಿಕೆ: ಹಳೆಯ ಡಯಲ್‌ನ ಮುಳ್ಳು ಮತ್ತು ಅಂಕಿಗಳಿಗೆ ರೇಡಿಯಂ ಬಣ್ಣ ಬಳಿದಿರಬಹುದು. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿರುವುದಿಲ್ಲ, ಅದರ ಅರ್ಧಾಯುಷ್ಯವೇ ಸುಮಾರು 1600 ವರ್ಷ. ಅದನ್ನು ಕೆರೆಯಬಾರದು, ಪುಡಿಯನ್ನು ಊದಬಾರದು.

ರೇಡಿಯೊದಲ್ಲಿ ಅಪಾಯ ಬೇರೆ ಕಡೆಗಿದೆ. ಟ್ರಾನ್ಸಿಸ್ಟರ್‌ಗೂ ಮುಂಚಿನ, ಗಾಜಿನ ಕೊಳವೆಗಳ ವಾಲ್ವ್ ರೇಡಿಯೊಗೆ 200 ವೋಲ್ಟ್‌ಗೂ ಹೆಚ್ಚು ಬೇಕು, ಕಾರಿನಲ್ಲಿರುವುದು 6 ಅಥವಾ 12. ಈ ಅಂತರವನ್ನು ತುಂಬುವುದು ವೈಬ್ರೇಟರ್ ಎಂಬ ಪುಟ್ಟ ಡಬ್ಬಿ. ಅದರೊಳಗಿನ ನಾಲಿಗೆ ಸಾಮಾನ್ಯವಾಗಿ ಸೆಕೆಂಡಿಗೆ 115 ಬಾರಿಯಂತೆ ಅದುರುತ್ತ ಬ್ಯಾಟರಿಯ ಕರೆಂಟನ್ನು ಕಡಿದು ಕಡಿದು ಟ್ರಾನ್ಸ್‌ಫಾರ್ಮರ್‌ಗೆ ಕಳಿಸುತ್ತದೆ. ರೇಡಿಯೊ ಮೂಕವಾದಾಗ ಎಲ್ಲರೂ ದೂರುವುದು ಈ ವೈಬ್ರೇಟರನ್ನೇ. ಆದರೆ ಹೊಸದನ್ನು ಹಾಕುವ ಮೊದಲು ಟ್ರಾನ್ಸ್‌ಫಾರ್ಮರ್‌ನ ಔಟ್‌ಪುಟ್ ಬದಿಯಲ್ಲಿ ವೋಲ್ಟೇಜಿನ ಜಿಗಿತವನ್ನು ತಗ್ಗಿಸುವ ಬಫರ್ ಕೆಪಾಸಿಟರನ್ನು ಮೂಲದಷ್ಟೇ ಮೌಲ್ಯದ, 1600 ವೋಲ್ಟ್ ತಡೆಯಬಲ್ಲ ಹೊಸ ಕೆಪಾಸಿಟರ್‌ಗೆ ಬದಲಿಸಲೇಬೇಕು. ಹಳೆಯದರಲ್ಲಿ ಕರೆಂಟ್ ಸೋರುತ್ತಿದ್ದರೆ ಹೊಸ ವೈಬ್ರೇಟರ್ ಕೂಡ ಬೇಗನೆ ಸುಟ್ಟುಹೋಗುತ್ತದೆ, ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕೊಂಡೊಯ್ಯಬಹುದು. ಮೇಣ ಹಚ್ಚಿದ ಕಾಗದದ ಕೆಪಾಸಿಟರ್‌ಗಳನ್ನೂ ಎಲೆಕ್ಟ್ರೊಲಿಟಿಕ್‌ಗಳನ್ನೂ ಒಂದೊಂದಾಗಿ ಅಳೆದು ನೋಡುವುದು ಕಾಲಹರಣವೆಂದೇ ನನ್ನ ಅಭಿಪ್ರಾಯ. ಎಲ್ಲವನ್ನೂ ಬದಲಿಸುವುದು ಲೇಸು. ಅದುರುವ ನಾಲಿಗೆಯ ಬದಲು ಟ್ರಾನ್ಸಿಸ್ಟರ್ ಇರುವ ಎಲೆಕ್ಟ್ರಾನಿಕ್ ವೈಬ್ರೇಟರ್ ಬಳಸುವುದಾದರೆ ಕಾರಿನ ಬಾಡಿ ಬ್ಯಾಟರಿಯ ಯಾವ ತುದಿಗೆ ಅರ್ತ್ ಆಗಿದೆ ಎಂದು ನೋಡಿಕೊಳ್ಳಬೇಕು, ಏಕೆಂದರೆ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಸಾಮಾನ್ಯ.

1950ರ ದಶಕದ ಕೊನೆಯಲ್ಲಿ ಬಂದ, 12 ವೋಲ್ಟ್‌ನ ವಾಲ್ವ್‌ಗಳ ಜೊತೆಗೆ ಒಂದು ಜರ್ಮೇನಿಯಂ ಪವರ್ ಟ್ರಾನ್ಸಿಸ್ಟರ್ ಇರುವ ರೇಡಿಯೊಗಳಲ್ಲಿ ವೈಬ್ರೇಟರ್ ಇಲ್ಲ. ಅವುಗಳನ್ನು ಕೊಲ್ಲುವುದು ಸ್ಪೀಕರ್. ಸ್ಪೀಕರ್ ಜೋಡಿಸದೆ ಆನ್ ಮಾಡುವುದು, 10 ಓಮ್‌ನ ಮೂಲ ಸ್ಪೀಕರ್ ಹರಿದಿದೆಯೆಂದು ಅಂಗಡಿಯ 4 ಓಮ್‌ನದನ್ನು ಹಾಕುವುದು, ಇವೆರಡೂ ಆ ಟ್ರಾನ್ಸಿಸ್ಟರ್‌ಗೆ ಕುತ್ತು.

ಹಳೆಯ ಪೆಟ್ಟಿಗೆಯೊಳಗೆ ಹೊಸ ಎಫ್‌ಎಂ ಬೋರ್ಡ್ ಕೂರಿಸುವುದನ್ನು ನಾನು ವಿರೋಧಿಸುವುದಿಲ್ಲ. ತೆಗೆದ ಮೂಲ ಭಾಗಗಳನ್ನು ಎಸೆಯದೆ ಹೆಸರು ಬರೆದು ಕಟ್ಟಿಡಬೇಕು ಎಂಬುದೊಂದೇ ನನ್ನ ಷರತ್ತು.

ಎಲ್ಲ ಮುಗಿದ ಮೇಲೆಯೇ ವಿದ್ಯುತ್ತು, ಅದೂ ಕರೆಂಟ್ ಮಿತಿ ಇರುವ ಬೆಂಚ್ ಸಪ್ಲೈಯಿಂದ, ಸರಿಯಾದ ಫ್ಯೂಸ್ ಹಾಕಿ. ರೇಡಿಯೊ ಕಾರಿಗೆ ಮರಳಿದ ನಂತರ ಏರಿಯಲ್ಲನ್ನು ಪೂರ್ತಿ ಎತ್ತಿ, 1400 ಕಿಲೋಹರ್ಟ್ಜ್ ಸುಮಾರಿಗೆ ಒಂದು ಕ್ಷೀಣ ಸ್ಟೇಷನ್ ಹಿಡಿದು, ರೇಡಿಯೊವನ್ನು ಏರಿಯಲ್‌ಗೆ ಹೊಂದಿಸುವ ತಿರುಪಾದ ಏರಿಯಲ್ ಟ್ರಿಮ್ಮರನ್ನು ದನಿ ಅತಿ ಜೋರಾಗುವವರೆಗೆ ತಿರುಗಿಸಬೇಕು. ಈ ಒಂದು ತಿರುಪನ್ನು ಮರೆತ ಕಾರಣಕ್ಕೆ ‘ಸರಿಯಾಗಿ ಎಳೆಯುತ್ತಿಲ್ಲ’ ಎಂದು ಮರಳಿ ಬರುವ ರೇಡಿಯೊಗಳೂ ಇವೆ. ಆಮೇಲೂ ಎಂಜಿನ್ ವೇಗದ ಜೊತೆ ಏರಿಳಿಯುವ ಕೊರೆತದ ಸದ್ದು ಕೇಳಿಸಿದರೆ ದೋಷವನ್ನು ಹುಡುಕಬೇಕಾದದ್ದು ಬಾನೆಟ್ ಕೆಳಗೆ: ಡೈನಮೊ ಮತ್ತು ಇಗ್ನಿಷನ್ ಕಾಯಿಲ್‌ಗಳ ಸದ್ದು ತಡೆಯುವ ಸಪ್ರೆಸರ್ ಕೆಪಾಸಿಟರ್‌ಗಳಲ್ಲಿ, ಹಾಗೆಯೇ ತುಕ್ಕು ಹಿಡಿದ ಅರ್ತ್ ಪಟ್ಟಿಯಲ್ಲಿ.