ಅಪ್ರೆಂಟಿಸ್‌ಗೆ ಅರ್ಜಿ ಯಾವ ತಿಂಗಳಲ್ಲಿ ಕರೀತಾರೆ?

ಅಂಕೋಲಾ ಕಡೆಯ ಒಬ್ರು ಅಕ್ಕ ಕೇಳಿದ್ದು: "ಮಗ ಈ ಸಲ ಐಟಿಐ ಫಿಟ್ಟರ್ ಮುಗಿಸ್ದ. ಅಪ್ರೆಂಟಿಸ್ ಅರ್ಜಿ ಯಾವಾಗ ಬಿಡ್ತಾರೆ? ಒಬ್ರು ಜುಲೈ ಅಂತಾರೆ, ಇನ್ನೊಬ್ರು ವರ್ಷಪೂರ್ತಿ ಇರ್ತದೆ ಅಂತಾರೆ. ಯಾರ ಮಾತು ನಂಬೂದು?"

ಅಕ್ಕಾ, ಇಬ್ರ ಮಾತೂ ಸರಿನೇ. ಜುಲೈ ಅಂದವ್ರು ರೈಲ್ವೆ ತಲೇಲಿ ಇಟ್ಕೊಂಡು ಹೇಳಿರ್ತಾರೆ, ವರ್ಷಪೂರ್ತಿ ಅಂದವ್ರು ಸರ್ಕಾರದ ಅಪ್ರೆಂಟಿಸ್ ಪೋರ್ಟಲ್ ನೋಡಿ ಹೇಳಿರ್ತಾರೆ. ಐಟಿಐ ಸೀಟಿಗಾದ್ರೆ ರಾಜ್ಯಕ್ಕೆಲ್ಲ ಒಂದೇ ಡೇಟ್ ಬರ್ತದಲ್ಲ, ಅಪ್ರೆಂಟಿಸ್‌ಗೆ ಹಂಗಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಜನ ಮತ್ತೆ ಅದಕ್ಕಿಂತ ಜಾಸ್ತಿ ಕೆಲಸದವ್ರು ಇರೋ ಸಂಸ್ಥೆ ತನ್ನ ಒಟ್ಟು ಜನದಲ್ಲಿ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್ ತಗೊಳ್ಳಲೇಬೇಕು, ಆದ್ರೆ ಯಾವ ತಿಂಗಳು ತಗೋಬೇಕು ಅನ್ನೋದು ಅವರವರಿಗೆ ಬಿಟ್ಟದ್ದು. ಹಂಗಾಗಿ "ಯಾವಾಗ" ಅಂತ ಕೇಳೋ ಮೊದ್ಲು "ಯಾರ ಹತ್ರ" ಅಂತ ಕೇಳ್ಬೇಕು.

ನಮ್ಮ ಜಿಲ್ಲೇಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಆದವ್ರ ಕಣ್ಣು ಮೊದಲು ಹೋಗೂದು ಕಾರವಾರದ ನೇವಲ್ ಶಿಪ್ ರಿಪೇರ್ ಯಾರ್ಡ್ ಕಡೆಗೆ, ಅದೇ ಅರ್ಗಾದ ನೇವಿ ಬೇಸ್ ಒಳಗಿಂದು. ಇವ್ರು ಕರೆಯುವಾಗ ಗೋವಾದ ನೇವಲ್ ಏರ್‌ಕ್ರಾಫ್ಟ್ ಯಾರ್ಡಿಗೂ ಸೇರಿಸಿ ಒಂದೇ ನೋಟಿಫಿಕೇಶನ್ ಬಿಡ್ತಾರೆ. ಇಲ್ಲೇ ನಮ್ಮವ್ರು ಎಡವೂದು. ಜಾಹೀರಾತು ಎಂಪ್ಲಾಯ್‌ಮೆಂಟ್ ನ್ಯೂಸ್ ಅನ್ನೋ ಕೇಂದ್ರ ಸರ್ಕಾರದ ವಾರಪತ್ರಿಕೇಲಿ ಬರ್ತದೆ, ಅದು ಇಂಗ್ಲಿಷ್, ಹಿಂದಿ, ಉರ್ದುವಿನಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲೇ ಇಲ್ಲ. ಇಂಥ ಜಾಹೀರಾತಿನಲ್ಲಿ ಎಷ್ಟೋ ಸಲ ಕೊನೇ ತಾರೀಕು ಇಂಥದ್ದು ಅಂತ ಬರೆದಿರೂದಿಲ್ಲ, "ಪ್ರಕಟವಾದ ದಿನದಿಂದ ಇಷ್ಟು ದಿನದ ಒಳಗೆ" ಅಂತ ಇರ್ತದೆ. ವಾಟ್ಸಾಪಲ್ಲಿ ಫೋಟೋ ನಿಮಗೆ ಬಂದ ದಿನದಿಂದ ಎಣಿಸಿದ್ರೆ ಆಯ್ತು, ಕೆಟ್ರಿ. ಪತ್ರಿಕೆ ಮೇಲಿನ ತಾರೀಕು ಹುಡುಕಿ ಅಲ್ಲಿಂದ ಎಣಿಸ್ಬೇಕು. ಮತ್ತೆ ಆನ್‌ಲೈನಲ್ಲಿ ಹಾಕೂದಕ್ಕೆ ಒಂದು ತಾರೀಕು, ಅದ್ರ ಪ್ರಿಂಟು ಪೋಸ್ಟಲ್ಲಿ ಹೋಗಿ ಮುಟ್ಟೂದಕ್ಕೆ ಇನ್ನೊಂದು ತಾರೀಕು ಇರ್ತದೆ. ನಮ್ಮ ಭಾವನ ಮಗ ಒಂದು ಕಡೆ ಇಂಥದ್ದೇ ಅರ್ಜಿ ಆನ್‌ಲೈನ್ ಹಾಕಿ ಆರಾಮಾಗಿ ಕ್ರಿಕೆಟ್ ಆಡ್ತಾ ಇದ್ದ, ಪ್ರಿಂಟು ಕಳಿಸ್ಬೇಕು ಹೇಳೂದು ನೆನಪಾದದ್ದು ಕೊನೇ ದಿನ ಸಂಜೆ ನಾಲ್ಕಕ್ಕೆ. ಸ್ಪೀಡ್ ಪೋಸ್ಟ್ ಮಾಡ್ದ, ಆದ್ರೆ ಅವ್ರಿಗೆ ಬೇಕಾದದ್ದು ಪೋಸ್ಟ್ ಮಾಡಿದ ದಿನ ಅಲ್ಲ, ಕೈಗೆ ಸಿಕ್ಕ ದಿನ. ಒಂದು ವರ್ಷ ಹಂಗೇ ಹೋಯ್ತು.

ಕಾರವಾರದ ಯಾರ್ಡಿಗೆ ಮಾರ್ಕ್ಸಿಂದೂ ಒಂದು ಲೆಕ್ಕ ಇದೆ, ಹಿಂದಿನ ನೋಟಿಫಿಕೇಶನ್‌ಗಳಲ್ಲಿ ಹತ್ತನೇಲಿ ಶೇಕಡಾ 50, ಐಟಿಐಲಿ ಶೇಕಡಾ 65 ಕೇಳಿದ್ರು. ಅಷ್ಟು ಇಲ್ದಿದ್ರೆ ಬೇರೆ ಕಡೆ ನೋಡೂದೇ ವಾಸಿ.

ಇನ್ನು ರೈಲ್ವೆ. ಕಾರವಾರ, ಕುಮಟಾ, ಭಟ್ಕಳದಲ್ಲಿ ಓಡೂದು ಕೊಂಕಣ ರೈಲ್ವೆ ಆದ್ರೂ ಅವ್ರು 2024ರಲ್ಲಿ ಕರೆದ ಅಪ್ರೆಂಟಿಸ್ ಡಿಗ್ರಿ, ಡಿಪ್ಲೊಮಾ ಆದವ್ರಿಗೆ ಇತ್ತು, ಫಿಟ್ಟರ್ ಹುಡುಗ್ರು ಅದನ್ನ ನೋಡಿ ಗಡಿಬಿಡಿ ಮಾಡ್ಕೊಳ್ಳೂದು ಬೇಡ. ಐಟಿಐದವ್ರು ಕಾಯ್ಬೇಕಾದದ್ದು ನೈಋತ್ಯ ರೈಲ್ವೆಗೆ, ಹುಬ್ಬಳ್ಳಿ ರಿಕ್ರೂಟ್‌ಮೆಂಟ್ ಸೆಲ್ ಕರೀತದೆ. ಪರೀಕ್ಷೆ ಇಲ್ಲ, ಹತ್ತನೇ ಮತ್ತೆ ಐಟಿಐ ಮಾರ್ಕ್ಸ್ ಸರಾಸರಿ ಮೇಲೆ ಲಿಸ್ಟ್. 2023ರಲ್ಲಿ ಜುಲೈ 3ರಿಂದ ಆಗಸ್ಟ್ 2ರವರೆಗೆ ಇತ್ತು, ಅದಕ್ಕೇ ಜನ ಜುಲೈ ಜುಲೈ ಅನ್ನೂದು, ಆದ್ರೆ ಅದಕ್ಕೂ ಹಿಂದೆ ಒಂದ್ಸಲ 2020ರ ಡಿಸೆಂಬರಲ್ಲಿ ಬಿಟ್ಟು 2021ರ ಜನವರಿ 9ಕ್ಕೆ ಮುಗಿಸಿದ್ರು. ಅಂದ್ರೆ ಜುಲೈ ಹೇಳೂದು ಅಂದಾಜು ಅಷ್ಟೇ, ಶಾಸನ ಅಲ್ಲ.

ಮತ್ತೆ ಒಂದು ಬೇಜಾರಿನ ಸಂಗ್ತಿ. ರೈಲ್ವೆಯವ್ರು ನೋಟಿಫಿಕೇಶನ್ ಬಂದ ದಿನಕ್ಕೆ ಐಟಿಐ ಪಾಸಾಗಿರ್ಬೇಕು ಅಂತಾರೆ. ಐಟಿಐ ಫೈನಲ್ ರಿಸಲ್ಟ್ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬಂದ್ರೆ, ಜುಲೈಯಲ್ಲಿ ಕರೆದ ಅರ್ಜಿಗೆ ಈ ವರ್ಷ ಮುಗಿಸಿದ ಹುಡುಗ ಲೆಕ್ಕಕ್ಕೇ ಇಲ್ಲ, ಬರೂ ವರ್ಷವೇ ಗತಿ. ನಿಮ್ಮ ಮಗಂದು ಹಿಂಗೇ ಆಗಿದ್ರೆ ಅವನ ತಪ್ಪು ಎಂತದೂ ಇಲ್ಲ, ಬೈಬೇಡಿ. ಆ ಒಂದು ವರ್ಷ ಸುಮ್ನೆ ಕೂರಿಸೂದು ಬೇಡ ಅಷ್ಟೇ. ಆದ್ರೆ ಇದನ್ನೂ ತಿಳ್ಕೊಳ್ಳಿ, ಒಂದ್ಸಲ ಎಲ್ಲೋ ಅಪ್ರೆಂಟಿಸ್ ಮುಗಿಸಿದವ್ನು ಆಮೇಲೆ ರೈಲ್ವೇಲಿ ಮತ್ತೆ ಅಪ್ರೆಂಟಿಸ್ ಆಗ್ಲಿಕ್ಕೆ ಬರೂದಿಲ್ಲ. ರೈಲ್ವೇಲಿ ಟ್ರೇನಿಂಗ್ ಮುಗಿಸಿದವ್ರಿಗೆ ಲೆವೆಲ್ ಒಂದರ, ಅಂದ್ರೆ ಎಲ್ಲಕ್ಕಿಂತ ಕೆಳಗಿನ ಹಂತದ ಹುದ್ದೇಲಿ ಶೇಕಡಾ 20 ಮೀಸಲು ಇದೆ, ಅದರ ಮೇಲೆ ಆಸೆ ಇದ್ರೆ ಕಾಯೂದಾ, ಸಿಕ್ಕಿದ್ದು ಹಿಡಿಯೂದಾ ಅಂತ ಮನೇಲಿ ಕೂತು ಮಾತಾಡಿ. ನನ್ನ ಕೇಳಿದ್ರೆ, ಮಾರ್ಕ್ಸ್ 80ರ ಮೇಲಿದ್ರೆ ಕಾಯಿ ಅಂತೇನೆ, ಇಲ್ದಿದ್ರೆ ಸಿಕ್ಕಲ್ಲಿ ಸೇರು ಅಂತೇನೆ.

ಕೈಗಾ ಅಣು ಸ್ಥಾವರದವ್ರು ಅವ್ರ ಲೆಕ್ಕದಲ್ಲಿ ಬೇರೆ ಕರೀತಾರೆ, ಅದಕ್ಕೆ ಅದನ್ನ ನಡೆಸೋ ಎನ್‌ಪಿಸಿಐಎಲ್ ಕಂಪನಿ ವೆಬ್‌ಸೈಟ್ ನೋಡ್ತಾ ಇರ್ಬೇಕು. ಡೀಸೆಲ್ ಮೆಕ್ಯಾನಿಕ್ ಆದವ್ರು ವಾಯವ್ಯ ಸಾರಿಗೆಯ ಶಿರಸಿ ವಿಭಾಗದ ಆಫೀಸಲ್ಲಿ ಒಮ್ಮೆ ವಿಚಾರ್ಸಿ. ದಾಂಡೇಲಿ, ಬಿಣಗಾ ಕಡೆ ಫ್ಯಾಕ್ಟರಿಗಳಿಗೆ ಪೇಪರ್ ಜಾಹೀರಾತು ಕಾಯ್ತಾ ಕೂತ್ರೆ ಆಗೂದಿಲ್ಲ, ಅಲ್ಲಿ ಕೆಲಸ ಮಾಡೋ ನಮ್ಮೂರವ್ರ ಹತ್ರ ಕೇಳಿ, ಗೇಟಿಗೆ ಹೋಗಿ ಬಯೋಡಾಟಾ ಕೊಟ್ಟು ಬರೂದೇ ಸೈ.

ಈಗ ವರ್ಷಪೂರ್ತಿ ಅಂದವ್ರ ಮಾತಿಗೆ ಬರುವ. ಅಪ್ರೆಂಟಿಸ್‌ಶಿಪ್ ಇಂಡಿಯಾ ಅನ್ನೋ ಸರ್ಕಾರಿ ಪೋರ್ಟಲಲ್ಲಿ ಅಭ್ಯರ್ಥಿ ಅಂತ ಹೆಸರು ನೋಂದಾಯಿಸ್ಲಿಕ್ಕೆ ಕೊನೇ ದಿನ ಅಂತ ಇಲ್ಲ, ಯಾವಾಗ್ಲೂ ತೆರೆದೇ ಇರ್ತದೆ. ಯಾರ್ಡ್ ಇರ್ಲಿ, ಬೇರೆ ಎಷ್ಟೋ ಕಡೆ ಇರ್ಲಿ, ಅರ್ಜಿ ಹಾಕ್ಬೇಕಾದ್ರೆ ಈ ನೋಂದಣಿ ನಂಬರ್ ಕೇಳ್ತಾರೆ, ಆವಾಗ ಮಾಡ್ಲಿಕ್ಕೆ ಕೂತ್ರೆ ಓಟಿಪಿ ಬರ್ಲಿಲ್ಲ, ಸರ್ವರ್ ಇಲ್ಲ ಅಂತ ಎರಡು ದಿನ ಹೋಗ್ತದೆ. ಒಳಗೆ ಹೋಗಿ ಟ್ರೇಡ್, ಜಿಲ್ಲೆ ಆರಿಸಿ ಹುಡುಕ್ಬಹುದು. ಉತ್ತರ ಕನ್ನಡ ಅಂತ ಹಾಕಿದ್ರೆ ಲಿಸ್ಟ್ ಸಣ್ಣದು ಬರ್ತದೆ, ಬೇಜಾರ್ ಮಾಡ್ಕೊಳ್ದೆ ಧಾರವಾಡ, ಉಡುಪಿ, ದಕ್ಷಿಣ ಗೋವಾ ಹಾಕಿ ನೋಡಿ, ಕಾರವಾರದವ್ರಿಗೆ ಮಡಗಾಂವ್ ಎಂತ ದೂರ ಮಾರಾಯ್ರೆ. ಸ್ಟೈಪೆಂಡ್ ಐಟಿಐದವ್ರಿಗೆ ತಿಂಗಳಿಗೆ ಕನಿಷ್ಠ 7,000 ಅಂತ 2019ರಲ್ಲಿ ಮಾಡಿದ್ದು, ರೂಮ್ ಬಾಡಿಗೆ ಲೆಕ್ಕ ಹಾಕಿಯೇ ದೂರದ್ದು ಒಪ್ಕೊಳ್ಳಿ.

ಪೋರ್ಟಲ್ ಕಿರಿಕಿರಿ ಅನ್ನೋರಿಗೆ ಅಪ್ರೆಂಟಿಸ್ ಮೇಳ ಇದೆ, 2022ರಲ್ಲಿ ತಿಂಗಳ ಎರಡನೇ ಸೋಮವಾರ ಅಂತ ಶುರು ಮಾಡಿದ್ದು. ನಿಮ್ಮ ಹತ್ತಿರ ಯಾವಾಗ, ಎಲ್ಲಿ ಅಂತ ಸರ್ಕಾರಿ ಐಟಿಐಗೆ ಫೋನ್ ಮಾಡಿದ್ರೆ ಹೇಳ್ತಾರೆ. ಮಗ ಓದಿದ ಐಟಿಐಯ ಪ್ಲೇಸ್‌ಮೆಂಟ್ ನೋಡ್ಕೊಳ್ಳೋ ಸರ್ ಹತ್ರ ನಂಬರ್ ಕೊಟ್ಟಿಡಿ, ಕಂಪನಿಯವ್ರು ಎಷ್ಟೋ ಸಲ ಮೊದ್ಲು ಫೋನ್ ಮಾಡೂದು ಅವ್ರಿಗೇ. ದುಡ್ಡು ಕೊಟ್ರೆ ಸೀಟು ಮಾಡಿಸ್ತೆ ಅನ್ನೋನು ಸಿಕ್ರೆ ಚಾ ಕುಡಿಸಿ ಕಳಿಸಿ, ರೈಲ್ವೆ ಅರ್ಜಿಗೇ 100 ರೂಪಾಯಿ ಫೀ ಇರೂದು.

ಮತ್ತೆ ಇವತ್ತು ರಾತ್ರಿ ಊಟ ಆದ್ಮೇಲೆ ಮಗನ ಆಧಾರ್, ಹತ್ತನೇ ಮಾರ್ಕ್ಸ್‌ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರೂ ಒಟ್ಟಿಗೆ ಇಟ್ಟು ಹೆಸರು ಓದಿ ನೋಡಿ. ನಮ್ಮ ಕಡೆ ಒಂದರಲ್ಲಿ ನಾಯ್ಕ ಇರ್ತದೆ, ಇನ್ನೊಂದರಲ್ಲಿ ನಾಯಕ, ಮೂರನೇದರಲ್ಲಿ ಅಪ್ಪನ ಹೆಸರೇ ಇರೂದಿಲ್ಲ. ಅದನ್ನ ಸರಿ ಮಾಡಿಸ್ಲಿಕ್ಕೆ ಒಂದು ತಿಂಗಳು ಬೇಕು, ಅರ್ಜಿ ಕರೆದ ಮೇಲೆ ಇರೂದೂ ಅಷ್ಟೇ ದಿನ.